ಬಸ್ಸು ತಪ್ಪಿದ ದಿನ ಫೋಟೊ ಹೋಗುವುದಿಲ್ಲ

ಬೆಳಗಿನ ಆರೂಮುಕ್ಕಾಲು. ಚಳ್ಳಕೆರೆಯ ಎಪಿಎಂಸಿ ಕಡೆಗೆ ಶೇಂಗಾ ಮೂಟೆ ಹೇರಿದ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ತೆವಳುತ್ತಿವೆ. ಓಣಿಯ ಎಣ್ಣೆ ಮಿಲ್ಲು ಇನ್ನೂ ಶುರುವಾಗಿಲ್ಲ, ನಿನ್ನೆಯ ಹಿಂಡಿಯ ವಾಸನೆ ಮಾತ್ರ ಅಲ್ಲೇ ನಿಂತಿದೆ. ಮಿಲ್ಲಿನ ಹಿಂದಿನ ಕಟ್ಟಡದ ಮಹಡಿಯಲ್ಲಿ ಒಂದೇ ಒಂದು ಕೋಣೆಗೆ ದೀಪ ಹತ್ತಿದೆ. ಸ್ವೆಟರ್ ಮೇಲೊಂದು ಟವೆಲ್ ಹೊದ್ದ ಸೌಂದರ್ಯ ಕಂಪ್ಯೂಟರಿನ ಮುಂದೆ ಕುಳಿತು, ಪರದೆಯನ್ನೊಮ್ಮೆ ಗೋಡೆಯ ಗಡಿಯಾರವನ್ನೊಮ್ಮೆ ನೋಡುತ್ತಿದ್ದಾರೆ.

ಸರಿಯಾಗಿ ಏಳು ಗಂಟೆಗೆ ಒಂದು ಗುಂಡಿ ಒತ್ತುತ್ತಾರೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದ ಸಾಲೊಂದು ಮೂಡುತ್ತದೆ. “ಬಂತು” ಎಂದು ಉಸಿರು ಬಿಡುತ್ತಾರೆ.

ಏನು ಬಂತು ಎಂದು ನಾನು ಕೇಳುತ್ತೇನೆ.

“ಇವತ್ತಿನ ಫೋಲ್ಡರ್ ಬಂತು ಸಾರ್. ಇಲ್ಲಿ ನೋಡ್ರಿ, ಮೂವತ್ಮೂರು ಅಂತ ಐತೆ. ಮೂವತ್ಮೂರು ಇದ್ರೆ ಸರಿ. ಸೊನ್ನೆ ಇದ್ರೆ ನನ್ನೆದೆ ಹೊಡ್ಕೊಳ್ಳಾಕೆ ಶುರುವಾಗ್ತೈತೆ.”

ಅರ್ಥವಾಗಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಅವರು ನಗುತ್ತಾರೆ. “ನಂಗೂ ನಲವತ್ತೊಂದು ದಿನ ಅರ್ಥ ಆಗ್ಲಿಲ್ಲ ಬಿಡ್ರಿ.”

ಸೌಂದರ್ಯ ಅವರಿಗೆ ಇಪ್ಪತ್ತೊಂಬತ್ತು ವರ್ಷ. ತೊಟ್ಟಿಲು ಸೇವಾ ಟ್ರಸ್ಟಿನ ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ‘ಡಾಟಾ ಎಂಟ್ರಿ’ ಎಂದು ಬರೆದಿದೆ. ಕಚೇರಿಗೆ ಬರುವವರಿಗೆ ಅವರು ‘ಟೈಪಿಂಗ್ ಮಾಡೋ ಹುಡುಗಿ’. ಚಳ್ಳಕೆರೆ ಮತ್ತು ಮೊಳಕಾಲ್ಮುರು ತಾಲ್ಲೂಕುಗಳಲ್ಲಿ ಈ ಟ್ರಸ್ಟು ಗರ್ಭಿಣಿಯರ ತಪಾಸಣೆಗೆಂದು ಎಂಟು ಸಣ್ಣ ಕೇಂದ್ರಗಳನ್ನು ನಡೆಸುತ್ತದೆ. ಪ್ರತಿ ಕೇಂದ್ರದಲ್ಲೂ ಒಬ್ಬರು ದಾದಿ. ಬಿ.ಪಿ., ಮೂತ್ರ ಪರೀಕ್ಷೆ, ಸ್ಕ್ಯಾನಿಂಗ್ ಕಾಗದಗಳನ್ನು ಅವರು ಫೋನಿನಲ್ಲಿ ಫೋಟೊ ತೆಗೆದು ಕಳಿಸುತ್ತಾರೆ. ಚಳ್ಳಕೆರೆಯಲ್ಲಿ ಕುಳಿತ ಡಾ. ಐಶ್ವರ್ಯ ಅವುಗಳನ್ನು ನೋಡಿ, ಯಾರಿಗೆ ಮಾತ್ರೆ ಸಾಕು, ಯಾರನ್ನು ಈಗಿಂದೀಗಲೇ ದೊಡ್ಡಾಸ್ಪತ್ರೆಗೆ ಸಾಗಿಸಬೇಕು ಎಂದು ಹೇಳುತ್ತಾರೆ. ದಿನಕ್ಕೆ ಅರವತ್ತರಿಂದ ಎಪ್ಪತ್ತು ಫೋಟೊ. ಕಳೆದ ವರ್ಷ ಹೀಗೆ ನೋಡಿಸಿಕೊಂಡವರು ಸಾವಿರದ ನಾನೂರು ಹೆಂಗಸರು. ದಾದಿಯ ಫೋನಿನಿಂದ ಡಾಕ್ಟರ ಕಣ್ಣಿನವರೆಗೆ ಆ ಫೋಟೊ ತಲುಪುವ ದಾರಿಯನ್ನು ಕಾಯುವವರು ಈ ಟೈಪಿಂಗ್ ಹುಡುಗಿ.

ಊರು ರಾಂಪುರದ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು. ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ, ತಾಲ್ಲೂಕು ಕಚೇರಿ ಎದುರಿನ ಬಾಂಡ್ ರೈಟರ್ ಅಂಗಡಿಯಲ್ಲಿ ಎರಡು ವರ್ಷ ಕ್ರಯಪತ್ರ ಟೈಪು ಮಾಡಿದರು. ಟ್ರಸ್ಟಿಗೆ ಸೇರಿದ್ದೂ ಟೈಪಿಂಗಿಗೇ. ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವರು ಒಂದು ದಿನ ಬೇರೆ ಕೆಲಸ ಹಿಡಿದು ಹೋದರು. ಹೋಗುವಾಗ ಪಾಸ್‌ವರ್ಡ್ ಬರೆದ ಚೀಟಿಯನ್ನು ಸೌಂದರ್ಯರ ಕೈಗಿಟ್ಟು, “ಸದ್ಯಕ್ಕೆ ಇಟ್ಕೊಂಡಿರು” ಎಂದರು. ಆ ಸದ್ಯಕ್ಕೆ ಈಗ ಐದು ವರ್ಷ.

“ಹೆಣ್ಣು ನೋಡಾಕೆ ಬಂದೋರು ಏನು ಕೆಲ್ಸ ಅಂತ ಕೇಳಿದ್ರು. ಸರ್ವರ್ ನೋಡ್ಕೊಂತೀನಿ ಅಂದೆ. ಯಾವ ಹೋಟ್ಲಾಗೆ ಅಂತ ಕೇಳಿದ್ರು ಸಾರ್.”

ಸರ್ವರ್ ಎಂದರೆ ಎಲ್ಲೋ ದೂರದಲ್ಲಿ ಹಗಲೂ ರಾತ್ರಿ ಚಾಲೂ ಇರುವ ಕಂಪ್ಯೂಟರು. ಜೂನ್ ಮೊದಲ ವಾರದಲ್ಲಿ ಟ್ರಸ್ಟು ಹಳೆಯ ಸರ್ವರ್ ಬಿಟ್ಟು ಹೊಸದಕ್ಕೆ ಹೋಯಿತು. ಅದನ್ನು ಸಜ್ಜು ಮಾಡಿಕೊಟ್ಟವರು ದಾವಣಗೆರೆಯ ರವಿಕಿರಣ್ ಎಂಬ ತಂತ್ರಜ್ಞರು. ಈಗಿನ ಪದ್ಧತಿಯಂತೆ ಅವರು ಒಂದೊಂದು ತಂತ್ರಾಂಶವನ್ನೂ ಅದರದೇ ಮುಚ್ಚಿದ ಡಬ್ಬಿಯಲ್ಲಿ ಇಟ್ಟರು. ಅದಕ್ಕೆ ಕಂಟೇನರ್ ಎನ್ನುತ್ತಾರೆ. ಒಂದರ ತೊಂದರೆ ಇನ್ನೊಂದಕ್ಕೆ ತಗಲಬಾರದು ಎಂದು ಈ ಏರ್ಪಾಡು. ಎಲ್ಲ ಚೆನ್ನಾಗಿಯೇ ಇತ್ತು.

ಎರಡನೇ ವಾರ ಡಾ. ಐಶ್ವರ್ಯ ಒಂದು ವಿಷಯ ಗಮನಿಸಿದರು. ಮೊಳಕಾಲ್ಮುರು ಕೇಂದ್ರದಿಂದ ಗರ್ಭಿಣಿಯರ ಹೆಸರುಗಳು ಬರುತ್ತಿವೆ, ಹೆಸರಿನ ಪಕ್ಕ ಫೋಟೊ ಇರಬೇಕಾದ ಜಾಗ ಮಾತ್ರ ಖಾಲಿ. ಎಲ್ಲ ದಿನವೂ ಅಲ್ಲ. ಸೋಮವಾರ ಬಂದಿದೆ, ಮಂಗಳವಾರ ಬಂದಿಲ್ಲ, ಬುಧವಾರ ಬಂದಿದೆ, ಮತ್ತೆ ಎರಡು ದಿನ ಇಲ್ಲ. ಉಳಿದ ಏಳು ಕೇಂದ್ರಗಳಲ್ಲಿ ಯಾವ ತಕರಾರೂ ಇಲ್ಲ.

ಸೌಂದರ್ಯ ಸರ್ವರಿನ ದಾಖಲೆ ತೆಗೆದು ನೋಡಿದರು. ‘ಪರ್ಮಿಷನ್ ಡಿನೈಡ್’ ಎಂದಿತ್ತು. ಅನುಮತಿ ಇಲ್ಲ. ಯಾರಿಗೆ ಇಲ್ಲ, ಯಾರು ಕೊಡಲಿಲ್ಲ ಎಂಬುದು ಅಲ್ಲಿರಲಿಲ್ಲ. ಆ ದಿನದ ಫೋಲ್ಡರಿಗೆ ಅನುಮತಿ ಸರಿಪಡಿಸಿದರು, ಫೋಟೊ ಹೋಯಿತು. ಮುಗಿಯಿತು ಎಂದುಕೊಂಡರು. ದಿನಕ್ಕೊಂದು ಹೊಸ ಫೋಲ್ಡರ್ ಹುಟ್ಟುತ್ತದೆ. ಮರುದಿನದ ಫೋಲ್ಡರಿನಲ್ಲೂ ಎಲ್ಲ ಸರಿಯಿತ್ತು. ಅದರ ಮರುದಿನ ಮತ್ತೆ ಅನುಮತಿ ಇಲ್ಲ.

“ನಾನು ಏನೂ ಮಾಡ್ದಿದ್ರೂ ಸರಿ ಹೋಗ್ತೈತೆ, ಏನೂ ಮಾಡ್ದಿದ್ರೂ ಕೆಡ್ತೈತೆ. ಕೆಟ್ಟಿದ್ರೆ ಕೆಟ್ಟೇ ಇರ್ಬೇಕಲ್ಲ ಸಾರ್? ಅದು ಹಂಗೂ ಇಲ್ಲ.”

ರವಿಕಿರಣ್‌ಗೆ ಫೋನು ಮಾಡಿದರು. ನೀವೇ ಏನೋ ಮುಟ್ಟಿದ್ದೀರಿ ಎಂದು ಅವರು. ನಿಮ್ಮ ಕಡೆಯಿಂದಲೇ ಬದಲಾಗುತ್ತಿದೆ ಎಂದು ಇವರು. ಕೊನೆಗೆ ರವಿಕಿರಣ್ ಒಂದು ಉಪಾಯ ಹೇಳಿದರು: “ಮೇಡಂ, ತಲೆ ಕೆಡಿಸ್ಕೋಬೇಡಿ. ಏಳು ಏಳು ಏಳು ಕೊಟ್ಬಿಡಿ.” ಫೋಲ್ಡರಿಗೆ ಆ ಮೂರು ಅಂಕಿ ಕೊಟ್ಟರೆ, ಸರ್ವರಿನಲ್ಲಿ ಇರುವವರೆಲ್ಲ ಅದನ್ನು ಓದಬಹುದು, ಬರೆಯಬಹುದು, ಅಳಿಸಲೂಬಹುದು. ಸೌಂದರ್ಯ ಒಂದು ದಿನ ಕೊಟ್ಟೂ ನೋಡಿದರು. ಮರುದಿನದ ಫೋಲ್ಡರ್ ಹೊಸದಾಗಿ ಹುಟ್ಟಿದ್ದರಿಂದ ಅದಕ್ಕೆ ಇದು ಅಂಟಲಿಲ್ಲ. ಹಾಗಾದರೆ ಐದೈದು ನಿಮಿಷಕ್ಕೊಮ್ಮೆ ಎಲ್ಲದಕ್ಕೂ ತಾನಾಗಿಯೇ ಏಳು ಏಳು ಏಳು ಕೊಡುವಂತೆ ಒಂದು ಸಾಲು ಬರೆದುಬಿಡಿ ಎಂದರು ರವಿಕಿರಣ್. ಸೌಂದರ್ಯ ಒಪ್ಪಲಿಲ್ಲ.

“ಅದ್ರೊಳಗೆ ಏನೈತೆ ಗೊತ್ತಾ ಸಾರ್? ಯಾರಿಗೆ ಎಷ್ಟನೇ ತಿಂಗ್ಳು, ಯಾರಿಗೆ ಹೋದ್ಸಲ ಗರ್ಭ ನಿಲ್ಲಿಲ್ಲ, ಯಾರಿಗೆ ಯಾವ ಕಾಯಿಲೆ ಐತೆ, ಎಲ್ಲ ಐತೆ. ನಮ್ಮೂರ ಹೆಣ್ಮಕ್ಕಳದ್ದೂ ಐತೆ. ಅದೇ ಸರ್ವರ್‌ನಾಗೆ ಟ್ರಸ್ಟಿನ ಬೇರೆ ಮೂರು ವೆಬ್‌ಸೈಟ್ ಅವೆ. ಅದ್ರಾಗೆ ಒಂದಕ್ಕೆ ಕಳ್ಳ ನುಗ್ಗಿದ್ರೂ ಇದು ಬಾಗ್ಲು ತೆಗ್ದಿಟ್ಟಂಗೇ ಅಲ್ಲವಾ?”

ಕಾರಣ ಮಾತ್ರ ತಿಳಿಯಲಿಲ್ಲ. ಏಳು ಕೇಂದ್ರ ಸರಿಯಿದ್ದು ಒಂದರಲ್ಲಿ ಮಾತ್ರ ತೊಂದರೆ ಎಂದ ಮೇಲೆ ಎಲ್ಲರ ಕಣ್ಣೂ ಆ ಕೇಂದ್ರದ ದಾದಿಯ ಮೇಲೆ ಬಿತ್ತು. ಅವರು ಗೀತಮ್ಮ. ವಯಸ್ಸು ಐವತ್ತನಾಲ್ಕು. ವಾಸ ರಾಂಪುರದಲ್ಲಿ, ಕೆಲಸ ಮೊಳಕಾಲ್ಮುರಿನಲ್ಲಿ, ದಿನವೂ ಬಸ್ಸಿನ ಓಡಾಟ. ಟ್ರಸ್ಟಿನ ಕಾರ್ಯದರ್ಶಿ ಕೊಟ್ಟೂರಪ್ಪ, ನಿವೃತ್ತ ಮೇಷ್ಟ್ರು, ಏನಿರಬಹುದು ಎಂದು ಸೌಂದರ್ಯರನ್ನೇ ಕೇಳಿದರು. “ಫೋನ್ ತೊಂದ್ರೆ ಇರ್ಬೇಕು ಸಾರ್” ಎಂದು ಸೌಂದರ್ಯ ಹೇಳಿದರು. ಈ ಮಾತನ್ನು ನನಗೆ ಹೇಳುವಾಗ ಅವರು ಪರದೆಯ ಕಡೆ ತಿರುಗಿಕೊಳ್ಳುತ್ತಾರೆ.

ಗೀತಮ್ಮನಿಗೆ ಹೊಸ ಫೋನು ಕೊಡಿಸಿದರು. ನಾಲ್ಕು ದಿನ ಒಂದೂ ಬಿಡದಂತೆ ಫೋಟೊ ಬಂತು. ನೋಡಿದಿರಾ, ಫೋನಿನದ್ದೇ ಎಂದು ಎಲ್ಲರೂ ನೆಮ್ಮದಿಯಾದರು. ಐದನೇ ದಿನ ಜಾಗ ಖಾಲಿ. ಈಗ ಮಾತು ಬದಲಾಯಿತು: ಗೀತಮ್ಮ ಹೊಸ ಫೋನನ್ನೂ ಹಾಳು ಮಾಡಿದರು. ಕೊಟ್ಟೂರಪ್ಪ ಒಂದು ನೋಟೀಸು ಬರೆದರು. ‘ಫೋಟೊ ಕಳಿಸುವುದನ್ನು ಸರಿಯಾಗಿ ಕಲಿಯತಕ್ಕದ್ದು, ಪ್ರತಿಯೊಂದಕ್ಕೂ ಡಾಕ್ಟರಿಗೆ ಫೋನು ಮಾಡತಕ್ಕದ್ದಲ್ಲ, ಇದೇ ಮುಂದುವರಿದರೆ ಬೇರೆಯವರನ್ನು ನೇಮಿಸಲಾಗುವುದು.’ ಟೈಪು ಮಾಡಿದವರು ಸೌಂದರ್ಯ.

ಜುಲೈ ಎರಡನೇ ವಾರದ ಒಂದು ದಿನ ಓಬಮ್ಮ ಎಂಬ ಇಪ್ಪತ್ತೆರಡು ವರ್ಷದ ಹೆಂಗಸು ಅತ್ತೆಯ ಜೊತೆ ಕೇಂದ್ರಕ್ಕೆ ಬಂದಳು. ಎಂಟು ತಿಂಗಳು ತುಂಬಿತ್ತು. ತಲೆನೋವು, ಕಣ್ಣು ಮಂಜು, ಪಾದದಲ್ಲಿ ಊತ. ಬಿ.ಪಿ. ನೂರ ಅರವತ್ತು ದಾಟಿತ್ತು. ಗೀತಮ್ಮ ಎಲ್ಲವನ್ನೂ ಬರೆದು, ಫೋಟೊ ತೆಗೆದು, ಒಂಬತ್ತು ಇಪ್ಪತ್ತಕ್ಕೆ ಕಳಿಸಿದರು. ಫೋನಿನ ಮೇಲೆ ‘ಕಳಿಸಲಾಗಿದೆ’ ಎಂದು ಹಸಿರು ಗುರುತು ಬಂತು. ಇಂಥ ಕಾಗದ ನೋಡಿದ ಐದು ನಿಮಿಷಕ್ಕೆ ಡಾಕ್ಟರ ಕರೆ ಬರುವುದು ವಾಡಿಕೆ. ಅರ್ಧ ಗಂಟೆಯಾಯಿತು. ಓಬಮ್ಮನ ಅತ್ತೆ “ಏಮೈಂದಮ್ಮಾ, ಏನಾಯ್ತು, ಡಾಕ್ಟರು ಏನಂದ್ರು?” ಎಂದು ಮತ್ತೆ ಮತ್ತೆ ಕೇಳುತ್ತಿದ್ದರು.

“ಕೈ ಫೋನಿನ ಮ್ಯಾಲೇ ಇತ್ತು ಕಣ್ರೀ” ಎಂದು ಗೀತಮ್ಮ ನನಗೆ ಹೇಳಿದರು. “ಮಾಡಿದ್ರೆ ನೋಟೀಸು. ಮಾಡದಿದ್ರೆ ಈ ಹುಡ್ಗಿ. ಹಸಿರು ಗುರುತು ಬಂದೈತೆ, ಹೋಗಿರ್ತೈತೆ ಅಂತ ಅನ್ಕೊಂಡೆ. ಆಮೇಲೆ ಆ ಹುಡ್ಗಿ, ಅಕ್ಕಾ ನಂಗೆ ನೀವು ಎರಡೆರಡು ಕಾಣ್ತಿದೀರಿ ಅಂದ್ಲು. ನೋಟೀಸು ಹಾಳಾಗೋಗ್ಲಿ ಅಂತ ಮಾಡೇಬಿಟ್ಟೆ.”

ಡಾ. ಐಶ್ವರ್ಯ ಫೋನೆತ್ತಿ, “ಏನು ನೋಡಲಿ ಗೀತಮ್ಮ, ಖಾಲಿ ಇದೆ” ಎಂದರು. ಗೀತಮ್ಮ ಅಂಕಿಗಳನ್ನು ಬಾಯಲ್ಲೇ ಹೇಳಿದರು. ನಂತರ ಆಂಬುಲೆನ್ಸ್, ಬಳ್ಳಾರಿ, ಸಂಜೆ ಶಸ್ತ್ರಚಿಕಿತ್ಸೆ. ಒಂದು ಕೆಜಿ ಒಂಬೈನೂರು ಗ್ರಾಂ ತೂಕದ ಹೆಣ್ಣು ಮಗು. ತಾಯಿಯೂ ಉಳಿದಳು.

ಅಂದು ಸೌಂದರ್ಯ ಊಟ ಮಾಡಲಿಲ್ಲ. “ರವಿಕಿರಣ್ ಸಾರ್ ಹೇಳಿದ ಸಾಲು ಬರ್ದಿದ್ರೆ ಓಬಮ್ಮನ ಫೋಟೊ ಹೋಗಿರ್ತಿತ್ತು. ಅದು ನಿಜ. ಬರೀದೆ ಇದ್ದಿದ್ದು ಸರಿನೋ ತಪ್ಪೋ ಅಂತ ಕೇಳಿದ್ರೆ ಇವತ್ತಿಗೂ ನಂಗೆ ಗೊತ್ತಿಲ್ಲ ಸಾರ್.”

ಮರುದಿನ ಅವರು ಕಂಪ್ಯೂಟರ್ ಬಿಟ್ಟು ಎದ್ದರು. ಲ್ಯಾಪ್‌ಟಾಪ್ ಹಿಡಿದು ಬಸ್ಸು ಹತ್ತಿ, ಸಂಜೆಗೆ ರಾಂಪುರದಲ್ಲಿ ಗೀತಮ್ಮನ ಮನೆ ಬಾಗಿಲಿಗೆ ಹೋಗಿ ನಿಂತರು. ನೋಟೀಸು ಟೈಪು ಮಾಡಿದ ಹುಡುಗಿ ಇವಳೇ ಎಂದು ಗೀತಮ್ಮನಿಗೆ ಗೊತ್ತಿತ್ತು. ಒಳಗೆ ಕರೆದು ಮುದ್ದೆ ಬಡಿಸಿದರು. ಉಣ್ಣುತ್ತಿರುವಾಗ ಒಂದು ಮಾತು ಹೇಳಿದರು.

“ನಾನೊಂದು ಹೇಳ್ತೀನಿ, ನಗ್ಬಾರ್ದು ನೋಡವ್ವ. ಮೊದಲ್ನೇ ಬಸ್ ಸಿಕ್ಕಿದ ದಿನ ಫೋಟೊ ಹೋಗ್ತೈತೆ. ಬಸ್ ತಪ್ಪಿದ ದಿನ ಹೋಗಲ್ಲ.”

ಸೌಂದರ್ಯ ನಕ್ಕುಬಿಟ್ಟರು.

“ನೋಡು, ನಕ್ಕೆ. ಅದ್ಕೇ ನಾನು ಯಾರ್ಗೂ ಹೇಳಿರ್ಲಿಲ್ಲ. ಇಪ್ಪತ್ತು ದಿನದಿಂದ ನೋಡ್ತಾ ಇದೀನಿ.”

ನಕ್ಕದ್ದಕ್ಕೆ ತಪ್ಪಾಯಿತು ಎಂದು ಸೌಂದರ್ಯ ಹೇಳಿದರು. ಇಬ್ಬರೂ ಕೂತು ಹಿಂದಿನ ದಿನಗಳನ್ನು ಒಂದೊಂದಾಗಿ ನೆನೆದರು. ಹೊಸ ಫೋನು ಬಂದ ಆ ನಾಲ್ಕು ದಿನ? ನಾಲ್ಕೂ ದಿನ ಗೀತಮ್ಮ ಮೊದಲ ಬಸ್ಸಿಗೇ ಹೋಗಿದ್ದರು. ಐದನೇ ದಿನ ಮೊಮ್ಮಗಳಿಗೆ ಜ್ವರ, ಬಸ್ಸು ತಪ್ಪಿತ್ತು. ಓಬಮ್ಮ ಬಂದ ದಿನ? ಮೊದಲ ಬಸ್ಸು ಬಂದೇ ಇರಲಿಲ್ಲ.

ಮರುದಿನ ಇಬ್ಬರೂ ಮೊದಲ ಬಸ್ಸು ಹತ್ತಿದರು. ಕೂಲಿಗೆ ಹೋಗುವ ಹೆಂಗಸರು ಕೆಲಸಕ್ಕೆ ಮುಂಚೆಯೇ ತೋರಿಸಿಕೊಂಡು ಹೋಗುವುದರಿಂದ, ಬೇಗ ಬಂದ ದಿನ ಏಳರೊಳಗೇ ಒಂದೋ ಎರಡೋ ಫೋಟೊ ಕಳಿಸುವುದು ಗೀತಮ್ಮನ ರೂಢಿ. ಅಂದು ಆರೂ ಐವತ್ತಕ್ಕೆ ಕಳಿಸಿದರು. ಹೋಯಿತು. ದಿನವಿಡೀ ಹೋಯಿತು. ಅದರ ಮರುದಿನ ಬೇಕೆಂದೇ ಬಸ್ಸು ತಪ್ಪಿಸಿದರು. ರಾಂಪುರದ ಬಸ್‌ಸ್ಟಾಪಿನ ಕಲ್ಲುಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದು, ಫೋನಿನ ಇಂಟರ್‌ನೆಟ್ಟಿಗೆ ಸೇರಿಸಿ, ಮೊಳಕಾಲ್ಮುರು ಕೇಂದ್ರದ ಫೋಲ್ಡರನ್ನು ಸೌಂದರ್ಯ ನೋಡುತ್ತ ಕುಳಿತರು. ಆರೂ ಐವತ್ತೊಂಬತ್ತಕ್ಕೆ ಅಲ್ಲಿ ಇವತ್ತಿನದೆಂಬುದು ಏನೂ ಇರಲಿಲ್ಲ. ಏಳಕ್ಕೆ ಇವತ್ತಿನ ಫೋಲ್ಡರ್ ಹುಟ್ಟಿತು. ಅದರ ಮಾಲೀಕನ ಸಂಖ್ಯೆ ಸೊನ್ನೆ. ಅದರೊಳಗೊಂದು ಪಟ್ಟಿ.

ಆ ಪಟ್ಟಿ ಸೌಂದರ್ಯರದೇ.

ಮಾರ್ಚ್‌ನಲ್ಲಿ ಗೀತಮ್ಮ ಒಮ್ಮೆ ಅವರನ್ನು ಕೇಳಿದ್ದರು, ಇವತ್ತು ತಪಾಸಣೆಗೆ ಬರಬೇಕಾದವರು ಯಾರ್ಯಾರು ಎಂದು ಬೆಳಿಗ್ಗೆಯೇ ಗೊತ್ತಾದರೆ, ಬಾರದವರಿಗೆ ಫೋನು ಮಾಡಿ ಕರೆಸಬಹುದಲ್ಲವೇ ಎಂದು. ಸೌಂದರ್ಯ ಖುಷಿಯಿಂದ ಒಂದು ಪುಟ್ಟ ಕಾರ್ಯಕ್ರಮ ಬರೆದಿದ್ದರು. ದಿನವೂ ಏಳಕ್ಕೆ ಅದು ತಾನಾಗಿಯೇ ಎದ್ದು, ಅಂದಿನ ಫೋಲ್ಡರ್ ಇಲ್ಲದಿದ್ದರೆ ಮಾಡಿ, ಹೆಸರಿನ ಪಟ್ಟಿಯನ್ನು ಅದರಲ್ಲಿ ಇಡುತ್ತದೆ. ಪ್ರಯೋಗಕ್ಕೆಂದು ಗೀತಮ್ಮನ ಒಂದೇ ಕೇಂದ್ರಕ್ಕೆ ಹಾಕಿದ್ದರು. ಉಳಿದ ಏಳಕ್ಕೆ ಆಮೇಲೆ ಎಂದುಕೊಂಡು, ಮರೆತೇಬಿಟ್ಟಿದ್ದರು.

ಫೋಲ್ಡರನ್ನು ಯಾರು ಮಾಡುತ್ತಾರೋ ಅವರೇ ಅದರ ಮಾಲೀಕರು. ಬೇರೆಯವರು ಒಳಗಿರುವುದನ್ನು ಓದಬಹುದು, ಹೊಸದನ್ನು ಇಡುವಂತಿಲ್ಲ. ಕಂಪ್ಯೂಟರು ಮಾಲೀಕರನ್ನು ಗುರುತಿಸುವುದು ಸಂಖ್ಯೆಯಿಂದ. ಹಳೆಯ ಸರ್ವರಿನಲ್ಲಿ ಎಲ್ಲ ಕೆಲಸವೂ ಯಜಮಾನನ ಹೆಸರಿನಲ್ಲೇ ನಡೆಯುತ್ತಿತ್ತು, ಅಂದರೆ ಸೊನ್ನೆ. ಆದ್ದರಿಂದ ಜಗಳವೇ ಇರಲಿಲ್ಲ. ಹೊಸ ಸರ್ವರಿನಲ್ಲಿ ಫೋಟೊ ಪಡೆಯುವ ತಂತ್ರಾಂಶ ತನ್ನ ಕಂಟೇನರಿನೊಳಗೆ ಮೂವತ್ತಮೂರನೇ ಸಂಖ್ಯೆಯ ಸಾಮಾನ್ಯ ಬಳಕೆದಾರ. ಗೀತಮ್ಮ ಏಳಕ್ಕೆ ಮುಂಚೆ ಫೋಟೊ ಕಳಿಸಿದರೆ ಅಂದಿನ ಫೋಲ್ಡರನ್ನು ಮೂವತ್ತಮೂರೇ ಮಾಡಿಕೊಳ್ಳುತ್ತಿತ್ತು, ಎಲ್ಲ ಸಲೀಸು. ಬಸ್ಸು ತಪ್ಪಿದರೆ, ಕಂಟೇನರಿನ ಹೊರಗೆ ಹಳೆಯಂತೆಯೇ ಉಳಿದಿದ್ದ ಪಟ್ಟಿಯ ಕಾರ್ಯಕ್ರಮ ಏಳಕ್ಕೆ ಯಜಮಾನನ ಹೆಸರಿನಲ್ಲಿ ಫೋಲ್ಡರ್ ಮಾಡುತ್ತಿತ್ತು, ಆಮೇಲೆ ಬಂದ ಫೋಟೊಗೆ ಅನುಮತಿ ಇಲ್ಲ. ಫೋನು ಮಾತ್ರ, ಸರ್ವರಿಗೆ ಮುಟ್ಟಿದ್ದನ್ನೇ ನಂಬಿ, ಹಸಿರು ಗುರುತು ತೋರಿಸುತ್ತಿತ್ತು.

ಇದನ್ನು ನನಗೆ ತಿಳಿಸಲು ಸೌಂದರ್ಯ ಮೂರು ಸಲ ಪ್ರಯತ್ನಿಸಿದರು. ಮೂರನೇ ಸಲಕ್ಕೆ ಅರ್ಥವಾದಂತೆ ಅನ್ನಿಸಿ, ಮನೆಗೆ ಬಂದು ಬರೆಯಲು ಕುಳಿತಾಗ ಮತ್ತೆ ಗೊಂದಲವಾಗಿ, ನಾಲ್ಕನೇ ಸಲ ಫೋನು ಮಾಡಿದೆ.

ಬಸ್‌ಸ್ಟಾಪಿನಲ್ಲಿ ಆ ಬೆಳಿಗ್ಗೆ ಸೌಂದರ್ಯ ಅತ್ತರು ಎಂದು ಗೀತಮ್ಮ ಹೇಳುತ್ತಾರೆ. ಸೌಂದರ್ಯ ಅದನ್ನು ಒಪ್ಪುವುದಿಲ್ಲ. ಅಲ್ಲಿಂದಲೇ ಅವರು ಮಾಡಿದ ಮೊದಲ ಕೆಲಸ, ಪಟ್ಟಿಯ ಕಾರ್ಯಕ್ರಮವೂ ಮೂವತ್ತಮೂರರ ಹೆಸರಿನಲ್ಲೇ ನಡೆಯುವಂತೆ ತಿದ್ದಿದ್ದು. ತಿದ್ದಿದ್ದು ಒಂದೇ ಸಾಲು. ಎರಡನೆಯದಕ್ಕೆ ಒಂದು ವಾರ ಹಿಡಿಯಿತು. ಈಗ ಫೋಟೊ ನಿಜವಾಗಿ ಒಳಗೆ ಕೂತ ಮೇಲೆ ಮಾತ್ರ ಹಸಿರು ಗುರುತು. ಇಲ್ಲದಿದ್ದರೆ ಕೆಂಪು ಅಕ್ಷರದಲ್ಲಿ ‘ಫೋಟೊ ಹೋಗಿಲ್ಲ. ಡಾಕ್ಟರಿಗೆ ಫೋನು ಮಾಡಿ’ ಎಂದು ಬರುತ್ತದೆ.

ತಿಂಗಳ ಸಭೆಯಲ್ಲಿ ಅವರು ಎದ್ದು ನಿಂತು, ತಪ್ಪು ಗೀತಮ್ಮನದಲ್ಲ, ಫೋನಿನದಲ್ಲ, ರವಿಕಿರಣ್ ಅವರದೂ ಅಲ್ಲ, ನನ್ನದು ಎಂದರು. ಯಾರೂ ಅವರನ್ನು ಕೇಳಿರಲಿಲ್ಲ. ಸಭೆಯಲ್ಲಿದ್ದ ಬಹಳ ಜನಕ್ಕೆ ತಪ್ಪು ಏನೆಂದೂ ತಿಳಿಯಲಿಲ್ಲ.

“ನನಗಂತೂ ಈ ಮೂವತ್ಮೂರು, ಸೊನ್ನೆ ಒಂದೂ ತಲೆಗೆ ಹೋಗ್ಲಿಲ್ಲ” ಎನ್ನುತ್ತಾರೆ ಕೊಟ್ಟೂರಪ್ಪ. “ಆದ್ರೆ ನಾನು ಮೂವತ್ತು ವರ್ಷ ಮೇಷ್ಟ್ರಾಗಿದ್ದೋನು. ಕೇಳದೇ ಇದ್ರೂ ಎದ್ದು ನಿಂತು ತಪ್ಪು ಒಪ್ಕೊಂಡ ಹುಡುಗರು ಎಷ್ಟು ಜನ ಅಂತ ನನಗೆ ನೆನಪೈತೆ.” ನೋಟೀಸನ್ನು ಅವರು ಅದೇ ಸಭೆಯಲ್ಲಿ ವಾಪಸು ಪಡೆದು, ಗೀತಮ್ಮನ ಕ್ಷಮೆ ಕೇಳಿದರು.

ಗೀತಮ್ಮ ಎದ್ದು ಹೇಳಿದ್ದು ಒಂದೇ ಮಾತು: “ಅದೆಲ್ಲ ಇರ್ಲಿ ಬಿಡ್ರಿ. ಆ ಪಟ್ಟಿ ಮಾತ್ರ ನಿಲ್ಲಿಸ್ಬ್ಯಾಡ್ರಿ. ಅದು ಬಂದ ಮ್ಯಾಲೆ ತಪಾಸಣೆ ತಪ್ಪಿಸೋರು ಕಮ್ಮಿಯಾಗವ್ರೆ.” ಪಟ್ಟಿ ಈಗ ಎಂಟೂ ಕೇಂದ್ರಗಳಿಗೆ ಹೋಗುತ್ತದೆ. ಅದಕ್ಕೇ ಸೌಂದರ್ಯ ಏಳರೊಳಗೆ ಕಚೇರಿಗೆ ಬಂದು ಕಾಯುವುದು. ಕಾಯಬೇಕೆಂದು ಯಾರೂ ಹೇಳಿಲ್ಲ. ಹುದ್ದೆ ಈಗಲೂ ಡಾಟಾ ಎಂಟ್ರಿಯೇ. ಮಧ್ಯಾಹ್ನದ ನಂತರ ಅವರು ನಿಜಕ್ಕೂ ಕೂತು ಟೈಪು ಮಾಡುತ್ತಾರೆ.

ಮುಂದಿನ ಆಸೆ ಏನು ಎಂದು ಕೇಳುತ್ತೇನೆ. ದೊಡ್ಡ ಹುದ್ದೆಯೋ, ದೊಡ್ಡ ಊರೋ ಎಂಬ ಉತ್ತರಕ್ಕೆ ಸಿದ್ಧನಾಗಿದ್ದೇನೆ.

“ಆ ನಲವತ್ತೊಂದು ದಿನದ ದಾಖಲೆ ಆಮೇಲೆ ಮತ್ತೆ ತೆಗ್ದು ನೋಡ್ದೆ ಸಾರ್. ನಲವತ್ತು ದಿನ ಸರಿ ಹೊಂದ್ತೈತೆ. ಬಸ್ ಸಿಕ್ಕಿದ ದಿನ ಹೋಗೈತೆ, ತಪ್ಪಿದ ದಿನ ಹೋಗಿಲ್ಲ. ಆದ್ರೆ ಜೂನ್ ಇಪ್ಪತ್ತಾರು ಹೊಂದಲ್ಲ. ಅವತ್ತು ಗೀತಮ್ಮಕ್ಕ ಮೊದಲ್ನೇ ಬಸ್ಸಿಗೇ ಬಂದಿದ್ರು. ಫೋಲ್ಡರ್ ಮೂವತ್ಮೂರ್ರದ್ದೇ. ಆದ್ರೂ ಹನ್ನೊಂದು ಗಂಟೆಗೆ ಇಬ್ರ ಫೋಟೊ ಹೋಗಿಲ್ಲ. ಆಮೇಲಿಂದು ಎಲ್ಲಾ ಹೋಗೈತೆ.”

ಕಾರಣ?

“ಗೊತ್ತಿಲ್ಲ.”

ನಲವತ್ತು ದಿನ ಸರಿಹೊಂದಿದೆ, ಈಗ ತೊಂದರೆಯೂ ಇಲ್ಲ, ಒಂದು ದಿನವನ್ನು ಬಿಟ್ಟುಬಿಡಬಹುದಲ್ಲ ಎನ್ನುತ್ತೇನೆ.

“ರವಿಕಿರಣ್ ಸಾರೂ ಅದೇ ಅಂತಾರೆ.” ಸೌಂದರ್ಯ ಟವೆಲನ್ನು ಸರಿಯಾಗಿ ಹೊದ್ದುಕೊಳ್ಳುತ್ತಾರೆ. “ಅವರಿಬ್ರ ಮನೆ ಹುಡುಕ್ಕೊಂಡು ಹೋಗಿದ್ದೆ ಸಾರ್. ಇಬ್ರೂ ಚೆನ್ನಾಗಿದಾರೆ, ಮಕ್ಕಳೂ ಚೆನ್ನಾಗಿದಾವೆ. ಕುಂದ್ರಿಸಿ ಚಾ ಕೊಟ್ರು. ಯಾಕೆ ಬಂದೆ ಅಂತ ಅವರಿಗೆ ಹೆಂಗೆ ಹೇಳ್ಲಿ? ಅವತ್ತು ಅವರ ಫೋಟೊ ಯಾಕೆ ಹೋಗ್ಲಿಲ್ಲ ಅಂತ ನಂಗೆ ತಿಳೀಬೇಕು. ಅಷ್ಟೇ ನನ್ನಾಸೆ.”